ಜೇಬಿಲ್ಲದ ಉಡುಪಿಗೊಂದು ಅಂಗೈ ಶಿಲ್ಪ

ಜಪಾನೀಯರ ಸಾಂಪ್ರದಾಯಿಕ ಉಡುಪಾದ ಕಿಮೊನೊಗೆ ಜೇಬುಗಳಿಲ್ಲ. ಹಾಗಾದರೆ ಗಂಡಸರು ತಂಬಾಕಿನ ಸಂಚಿ, ಹಣದ ಚೀಲ, ಔಷಧದ ಕರಡಿಗೆಗಳನ್ನು ಎಲ್ಲಿಟ್ಟುಕೊಳ್ಳುತ್ತಿದ್ದರು? ದಾರಕ್ಕೆ ಕಟ್ಟಿ ಸೊಂಟಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರ ಜಾರದಂತೆ ಅದರ ಮೇಲಿನ ತುದಿಗೆ ಕಟ್ಟುತ್ತಿದ್ದ ಪುಟ್ಟ ಗುಬಟೇ ನೆತ್ಸುಕೆ. ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿರುವುದು ಈ ಗುಬಟನ್ನೇ.

1603ರಿಂದ 1868ರವರೆಗಿನ ಎಡೊ ಕಾಲದಲ್ಲಿ ವರ್ತಕರ ಕೈಯಲ್ಲಿ ಹಣ ಓಡಾಡತೊಡಗಿತ್ತು. ಆದರೆ ಅವರು ಆಡಂಬರದ ಉಡುಪು ತೊಡದಂತೆ ಆಳುವವರ ಕಟ್ಟುಪಾಡು. ಸೊಂಟದ ಈ ಗುಬಟಿಗೆ ಮಾತ್ರ ಅಷ್ಟೇನೂ ಅಡ್ಡಿ ಇರಲಿಲ್ಲ. ಮರ, ದಂತ, ಜಿಂಕೆಯ ಕೊಂಬುಗಳಲ್ಲಿ ಇಲಿ, ಎತ್ತು, ಮುದುಕ, ಭೂತ ಎಲ್ಲವೂ ಮೂಡಿದವು. ಮೂರು ನಾಲ್ಕು ಸೆಂಟಿಮೀಟರಿನ ಈ ಶಿಲ್ಪ ಬಟ್ಟೆಗೆ ಸಿಕ್ಕಿಕೊಳ್ಳಬಾರದು, ಮುರಿಯಲೂಬಾರದು. ಆದ್ದರಿಂದ ಇಲಿಯ ಬಾಲ ಮೈಗೇ ಸುತ್ತಿಕೊಳ್ಳುತ್ತದೆ, ಎತ್ತು ಕಾಲು ಮಡಚಿ ಮಲಗುತ್ತದೆ. ಯಾರಿಗೂ ಕಾಣದ ಅಡಿಭಾಗದಲ್ಲೂ ಕೆತ್ತನೆ ಇರುತ್ತದೆ.

1781ರಲ್ಲಿ ಒಸಾಕಾದಲ್ಲಿ ಪ್ರಕಟವಾದ 'ಸೋಕೆನ್ ಕಿಶೋ' ಎಂಬ ಗ್ರಂಥ ಐವತ್ತಕ್ಕೂ ಹೆಚ್ಚು ನೆತ್ಸುಕೆ ಶಿಲ್ಪಿಗಳನ್ನು ಹೆಸರಿಸುತ್ತದೆ. ಕ್ಯೋಟೊದ ತೊಮೊತಾದಾ ಕೆತ್ತಿದ ಎತ್ತುಗಳಿಗೆ ನಕಲುಗಳು ಆಗಲೇ ಹುಟ್ಟಿದ್ದವು! ಇಂದಿನ ಸಂಗ್ರಾಹಕನೂ ಅದಕ್ಕೇ ಸಹಿಯನ್ನು ಪೂರ್ತಿ ನಂಬುವುದಿಲ್ಲ. ದಾರದ ತೂತಿನ ಅಂಚು, ಕೈಯಾಡಿ ನುಣುಪಾದ ಮೈ, ಇವನ್ನು ಬೆರಳಿನಿಂದ ಸವರಿ ನೋಡುತ್ತಾನೆ. ದಂತದ್ದಾದರೆ ಕಾನೂನಿನ ತೊಡಕು ಬೇರೆ. ಆನೆಗಳ ರಕ್ಷಣೆಗಾಗಿ ಬ್ರಿಟನ್ 2022ರಲ್ಲಿ ಜಾರಿಗೆ ತಂದ ಕಾಯ್ದೆಯಂತೆ ಹಳೆಯ ದಂತಶಿಲ್ಪವನ್ನು ಮಾರಲೂ ವಿಶೇಷ ವಿನಾಯಿತಿ ಬೇಕು.

1868ರ ನಂತರ ಜಪಾನಿಗೆ ಪಾಶ್ಚಾತ್ಯ ಉಡುಪು ಬಂತು, ಅದರೊಂದಿಗೆ ಜೇಬೂ ಬಂತು. ಸಿಗರೇಟು ತಂಬಾಕಿನ ಸಂಚಿಯನ್ನು ಮೂಲೆಗೆ ತಳ್ಳಿತು. ಕೆಲಸವಿಲ್ಲದ ನೆತ್ಸುಕೆಗಳು ಹಡಗು ಹತ್ತಿದವು.

ಪ್ಯಾರಿಸ್ಸಿನ ಯಹೂದಿ ಸಿರಿವಂತ ಚಾರ್ಲ್ಸ್ ಎಫ್ರುಸ್ಸಿ 1870ರ ದಶಕದಲ್ಲಿ ಹೀಗೆ 264 ನೆತ್ಸುಕೆಗಳನ್ನು ಕೊಂಡ. 1899ರಲ್ಲಿ ವಿಯೆನ್ನಾದಲ್ಲಿದ್ದ ದಾಯಾದಿ ವಿಕ್ಟರನಿಗೆ ಅವನ್ನು ಮದುವೆಯ ಉಡುಗೊರೆಯಾಗಿ ಕಳುಹಿಸಿದ. ಮನೆಯ ಮಕ್ಕಳಿಗೆ ಅವು ಆಟಿಕೆಗಳಾದವು. 1938ರಲ್ಲಿ ನಾಜಿಗಳು ಆ ಅರಮನೆಗೆ ನುಗ್ಗಿ ಚಿತ್ರ, ಪುಸ್ತಕ, ಪೀಠೋಪಕರಣಗಳನ್ನೆಲ್ಲ ದೋಚಿದರು. ಮನೆಗೆಲಸದ ಅನ್ನಾ ಮಾತ್ರ ದಿನಕ್ಕಿಷ್ಟರಂತೆ ನೆತ್ಸುಕೆಗಳನ್ನು ಏಪ್ರನ್ನಿನ ಜೇಬಿನಲ್ಲಿ ಸಾಗಿಸಿ ತನ್ನ ಹಾಸಿಗೆಯೊಳಗೆ ಬಚ್ಚಿಟ್ಟಳೆಂದು ಆ ಕುಟುಂಬದವರು ಹೇಳುತ್ತ ಬಂದಿದ್ದಾರೆ. ಜೇಬಿಲ್ಲದ ಉಡುಪಿಗಾಗಿ ಹುಟ್ಟಿದ ವಸ್ತುವನ್ನು ಕಾಪಾಡಿದ್ದು ಒಂದು ಜೇಬು!

ಯುದ್ಧ ಮುಗಿದ ಮೇಲೆ ಅವು ವಿಕ್ಟರನ ಮಗಳ ಕೈ ಸೇರಿದವು. 1947ರಲ್ಲಿ ಆಕೆಯ ತಮ್ಮ ಅವನ್ನು ಟೋಕಿಯೊಗೇ ಒಯ್ದ. ಅಲ್ಲಿಂದ ಅವು ಆಕೆಯ ಮೊಮ್ಮಗ, ಇಂಗ್ಲೆಂಡಿನ ಕುಂಭಕಲಾವಿದ ಎಡ್ಮಂಡ್ ಡಿ ವಾಲ್ ಪಾಲಿಗೆ ಬಂದವು. ಆತ 2010ರಲ್ಲಿ ಈ ಕಥೆಯನ್ನು ಪುಸ್ತಕವಾಗಿ ಬರೆದರು. 2018ರಲ್ಲಿ ಕೆಲವನ್ನು ನಿರಾಶ್ರಿತರ ನೆರವಿಗೆಂದು ಹರಾಜು ಹಾಕಿಸಿದರು. ಉಳಿದವುಗಳಲ್ಲಿ ಬಹುಪಾಲು, ಬಹುಕಾಲದ ಎರವಲಾಗಿ, ವಿಯೆನ್ನಾದ ಯಹೂದಿ ವಸ್ತುಸಂಗ್ರಹಾಲಯಕ್ಕೆ ಹೋದವು.