ಕುಣಿಗಲ್ ಕುದುರೆ ಫಾರಂ: ವಂಶಾವಳಿಯಲ್ಲಿ ಹೆಸರಿಲ್ಲದವರು

ಕುಣಿಗಲ್ ಎಂದೊಡನೆ ನಮಗೆ ನೆನಪಾಗುವುದು ಕೆರೆಯ ಹಾಡು. 400 ಎಕರೆಗೂ ಮಿಕ್ಕ ಅಲ್ಲಿಯ ಕುದುರೆ ಫಾರಂ ನೆನಪಾಗುವುದು ಆಮೇಲೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕಾಗಿ ಕುದುರೆ ಸಾಕಿದ ನೆಲ ಅದು. 1799ರ ನಂತರ ಈಸ್ಟ್ ಇಂಡಿಯಾ ಕಂಪನಿ, ಮೈಸೂರು ಅರಸರು, ಸ್ವಾತಂತ್ರ್ಯ ಬಂದ ಮೇಲೆ ರಾಜ್ಯ ಸರ್ಕಾರ ಹೀಗೆ ಅದು ಕೈ ಬದಲಿಸಿತು. 1992ರಲ್ಲಿ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ 30 ವರ್ಷಗಳ ಗುತ್ತಿಗೆಗೆ ಹೋಯಿತು. ಯುದ್ಧದ ಕುದುರೆಯ ಜಾಗಕ್ಕೆ ರೇಸಿನ ಕುದುರೆ ಬಂದಿತ್ತು.

ಆಳಿದವರ ಈ ಸಾಲು ಬರೆಯುವುದು ಸುಲಭ. ನನ್ನನ್ನು ಕಾಡುವುದು ಲಾಯದೊಳಗಿನವರ ಚರಿತ್ರೆ. ರೇಸಿನ ಥರೋಬ್ರೆಡ್ ಕುದುರೆಗಳ ವಂಶಾವಳಿಯನ್ನು 1791ರಲ್ಲೇ ಇಂಗ್ಲೆಂಡಿನ ಜನರಲ್ ಸ್ಟಡ್ ಬುಕ್ ಅಚ್ಚು ಹಾಕಿತು. ಕುದುರೆಯ ತಾಯಿ ಯಾರು, ಅಜ್ಜಿ ಯಾರು ಎಂಬುದು ತಲೆಮಾರುಗಟ್ಟಲೆ ಹಿಂದಕ್ಕೆ ಸಿಗುತ್ತದೆ. ಆ ಮರಿಯನ್ನು ಹೆರಿಗೆಯಲ್ಲಿ ಕೈಗೆತ್ತಿಕೊಂಡವನ ಹೆಸರಿಗೆ ಆ ಪುಸ್ತಕದಲ್ಲಿ ಅಂಕಣವೇ ಇಲ್ಲ.

ಹೆಣ್ಣು ಕುದುರೆ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಗಬ್ಬವಿರುತ್ತದೆ, ಈಯುವುದು ಸಾಮಾನ್ಯವಾಗಿ ರಾತ್ರಿಯಲ್ಲಿ. ಕೆಚ್ಚಲಿನ ತುದಿಯಲ್ಲಿ ಮೇಣದಂಥ ಹನಿ ಕಂಡಿತೆಂದರೆ ದಿನ ಹತ್ತಿರ ಬಂತೆಂದು ಲಾಯದವನು ನಿದ್ದೆಗೆಟ್ಟು ಕಾಯಬೇಕು. ಹುಟ್ಟಿದ ಮರಿ ಗಂಟೆ ಎರಡು ಗಂಟೆಯಲ್ಲಿ ಎದ್ದು ನಿಂತು ಗಿಣ್ಣು ಕುಡಿಯಬೇಕು. ಅಭಿನವಚಂದ್ರ ಎಂಬ ಕವಿ ಹಿಂದೆಯೇ ಕನ್ನಡದಲ್ಲಿ ಅಶ್ವವೈದ್ಯವನ್ನು ಬರೆದಿಟ್ಟಿದ್ದಾನೆ. ಆದರೆ ಹುರುಳಿ ಎಷ್ಟು ಬೇಯಬೇಕು, ಗೊರಸು ಮುಟ್ಟಿ ಅದರ ಬಿಸಿ ಹೇಗೆ ಗುರುತಿಸಬೇಕು ಎಂಬಂಥವು ಅಪ್ಪನ ಕೈಯಿಂದ ಮಗನ ಕೈಗೆ ದಾಟುವ ವಿದ್ಯೆ.

ಮೈಸೂರಿನ ಸಿಲೇದಾರರನ್ನೂ ಇಲ್ಲಿ ಮರೆಯಬಾರದು. ಸ್ವಂತ ಕುದುರೆಯೊಂದಿಗೆ ಸೇವೆಗೆ ನಿಲ್ಲುತ್ತಿದ್ದ ಸವಾರರು ಇವರು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4000 ಸವಾರರನ್ನು ಸಾಕಬೇಕಿತ್ತು. ಕುದುರೆ ಸತ್ತರೆ ಸಿಲೇದಾರನ ಬದುಕೇ ಬೀಳುತ್ತಿತ್ತು. ಹಾಗಾಗಿ ಅವನ ಮನೆಯಲ್ಲಿ ಕುದುರೆ ಹೊಲದಷ್ಟೇ ದೊಡ್ಡ ಆಸ್ತಿ.

ಮನೆಯ ನೆನಪು ಚರಿತ್ರೆಗೆ ಆಧಾರವಾದೀತೇ? ಒಂದು ಉದಾಹರಣೆ ನೋಡಿ: ಅಮೆರಿಕದ ವರ್ಮಾಂಟ್ ಸೀಮೆಯ ಹಳ್ಳಿಯಲ್ಲಿ ಜಸ್ಟಿನ್ ಮಾರ್ಗನ್ ಎಂಬ ಮೇಷ್ಟರಿದ್ದ. 1789ರ ಸುಮಾರಿಗೆ ಹುಟ್ಟಿದ ಅವನ ಒಂದು ಕುದುರೆಯಿಂದ ಮಾರ್ಗನ್ ತಳಿಯೇ ಬೆಳೆಯಿತು. ಆ ಕುದುರೆಯ ಹುಟ್ಟಿನ ಬಗ್ಗೆ ಜಗಳ ಎದ್ದಾಗ ಮೇಷ್ಟರ ಮಗ ತನ್ನ ಮನೆಯಲ್ಲಿ ಕೇಳಿದ್ದನ್ನು ಪತ್ರದಲ್ಲಿ ಬರೆದ. ಅಂಥ ಹೇಳಿಕೆಗಳನ್ನು ಒರೆಗೆ ಹಚ್ಚಿ ಲಿನ್ಸ್ಲೆ ಎಂಬ ಲೇಖಕ 1857ರಲ್ಲಿ ಆ ತಳಿಯ ಬಗ್ಗೆ ಗ್ರಂಥ ರಚಿಸಿದ. ನೆನಪು ತಪ್ಪಬಹುದು, ಆದರೆ ಕೇಳಿ ಬರೆದಿಟ್ಟರೆ ತಾನೇ ತಪ್ಪನ್ನು ತಿದ್ದಲು ಸಾಧ್ಯ!

ಫಾರಂ ಜಮೀನಿನಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ 2024ರಲ್ಲಿ ಬಂದು ವಿರೋಧವೂ ಎದ್ದಿತು. ಜಮೀನಿನ ತೀರ್ಮಾನ ಏನೇ ಆಗಲಿ, ಲಾಯದ ಕೆಲಸ ಮಾಡಿದ ಹಿರಿಯರ ಮಾತು ಕಾಯುವುದಿಲ್ಲ. ಕುಣಿಗಲ್, ಗುಬ್ಬಿ, ತುಮಕೂರಿನ ಮನೆಗಳಲ್ಲಿ ಹಳೆಯ ಸಂಬಳದ ಚೀಟಿ, ಫೋಟೋ, ಲಾಳ ಏನಿದ್ದರೂ ಎಸೆಯಬೇಡಿ. ಅಜ್ಜ ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆದಿಡಿ, ಕುದುರೆಯ ಹೆಸರಿನ ಪಕ್ಕದಲ್ಲಿ ಅವನ ಹೆಸರನ್ನೂ ಬರೆಯಿರಿ.