ಕೋಳೀಕೆ ರಂಗನ ಹೆಸರು

ನಮ್ಮ ಕಂಪನಿ ನಾಟಕಗಳಲ್ಲಿ ಹಾಡು ಅತಿಯಾಯಿತೆಂಬ ದೂರು ಹಳೆಯದು. ರಾಜ ಯುದ್ಧಕ್ಕೆ ಹೊರಟರೂ ಹಾಡು, ರಾಣಿ ಮೂರ್ಛೆ ಹೋಗುವ ಮುನ್ನವೂ ಹಾಡು. ಸಭಿಕರು 'ಒನ್ಸ್ ಮೋರ್' ಎಂದರೆ ಸತ್ತವನೂ ಎದ್ದು ಹಾಡಬೇಕು! ಆ ಹಾಡುಗಳಿಂದ ರಾಗ ತಿಳಿಯುತ್ತಿತ್ತು, ನಟನ ಕಂಠ ತಿಳಿಯುತ್ತಿತ್ತು. ಪಾತ್ರ ಎಂಥದೆಂದು ತಿಳಿಯುತ್ತಿದ್ದುದು ಅಪರೂಪ. ಹಾಸ್ಯಪಾತ್ರಗಳ ಮಾತು ಬೇರೆ. ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ'ಯನ್ನು ಕಂಡವರು ರಾಜಕುಮಾರನನ್ನು ಮರೆತರೂ ಗುಬ್ಬಿ ವೀರಣ್ಣನವರ (1891–1972) ಕಳ್ಳನನ್ನು ಮರೆಯಲಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಟಿ. ಪಿ. ಕೈಲಾಸಂ (1884–1946) ರಂಗದಿಂದ ಹಾಡನ್ನು ಇಳಿಸಿ, ಮನೆಯ ಆಡುಮಾತನ್ನು ಏರಿಸಿದರು. ಆದರೆ ನಗೆಹಾಡು ಅವರನ್ನು ಬಿಡಲಿಲ್ಲ. ಭೂವಿಜ್ಞಾನ ಓದಲು ಲಂಡನ್ನಿಗೆ ಹೋಗಿದ್ದ ಅವರ ಕಿವಿಯಲ್ಲಿ ಅಲ್ಲಿನ ವಿನೋದಗೀತೆಗಳ ಮಟ್ಟು ಉಳಿದಿತ್ತು. 1912ರ 'ಟಿಪ್ಪರೇರಿ' ಹಾಡಿನಲ್ಲಿ ಲಂಡನ್ ಸೇರಿದ ಐರಿಷ್ ಹಳ್ಳಿಗ ತನ್ನೂರಿಗೆ ಹಂಬಲಿಸುತ್ತಾನೆ. ಕೈಲಾಸಂ ಅದನ್ನು 'ತಿಪ್ಪಾರಳ್ಳಿ' ಮಾಡಿದರು. 'ಕಾನ್‌ಸ್ಟಾಂಟಿನೋಪಲ್' ಎಂಬ ಹಾಡು ಆ ಊರಿನ ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತದೆ. ಕನ್ನಡದಲ್ಲಿ ಅದು ಹಳ್ಳಿಯ ಕೋಳೀಕೆ ರಂಗನ ಹೆಸರಾಯಿತು.

ಮಟ್ಟು ಪರದೇಶದ್ದು, ರೀತಿ ನಮ್ಮದೇ. ಬಯಲಾಟದಲ್ಲಿ ವೇಷ ರಂಗಕ್ಕೆ ಬಂದೊಡನೆ ಸಾರಥಿ 'ತಾವು ಯಾರು?' ಎಂದು ಕೇಳುತ್ತಾನೆ. ವೇಷಧಾರಿ ತನ್ನ ಹೆಸರು, ಬಿರುದು, ಪರಾಕ್ರಮಗಳನ್ನು ಸಾರುತ್ತಾನೆ. ಇಂಗ್ಲೆಂಡಿನ ಗಿಲ್ಬರ್ಟ್–ಸಲಿವನ್ ಜೋಡಿಯ ವಿನೋದ ಸಂಗೀತನಾಟಕಗಳಲ್ಲೂ ಸೇನಾಪತಿ, ನ್ಯಾಯಾಧೀಶರು ಹೀಗೆಯೇ ತಮ್ಮನ್ನು ಹೊಗಳಿಕೊಂಡು, ತಮ್ಮ ಬಾಯಿಂದಲೇ ನಗೆಗೀಡಾಗುತ್ತಾರೆ. ರಂಗನಿಗೆ ಹುದ್ದೆಯಿಲ್ಲ, ಬಿರುದಿಲ್ಲ. ಕೇಳಲು ಸಾರಥಿಯೂ ಇಲ್ಲ. ಅವನಲ್ಲಿರುವುದು ಹೆಸರೊಂದೇ. ಅದನ್ನೇ ಗುಡಿಸು, ಏತ್ವ, ಸೊನ್ನೆಗಳ ಸಮೇತ, ಕಾಗುಣಿತ ಒಪ್ಪಿಸುವ ಹುಡುಗನ ಠೀವಿಯಿಂದ ಸಾರುತ್ತಾನೆ.

ಇಲ್ಲಿ ನಗು ಯಾರ ಮೇಲೆ? ಪೇಟೆಯ ಶ್ರೋತೃಗಳು ಗಮಾರನೊಬ್ಬನನ್ನು ಕಂಡೆವೆಂದುಕೊಂಡು ನಗುತ್ತಾರೆ. ಆದರೆ ಹೆಸರಿನ ಮುಂದೆ ಬಿ.ಎ., ಎಂ.ಎ. ಹಚ್ಚಿಕೊಂಡು, ಅದನ್ನು ಬಾಗಿಲ ಫಲಕದ ಮೇಲೆ ಬರೆಸುವ ನಾವು ಮಾಡುವುದೂ ರಂಗನ ಕೆಲಸವನ್ನೇ. ಅವನು ಹಾಡಿ ಹೇಳುತ್ತಾನೆ, ನಾವು ಬರೆಸಿ ತೂಗುಹಾಕುತ್ತೇವೆ.

ತರಗತಿಯಲ್ಲಿ ಈ ಹಾಡಿನ ಮಾತೆತ್ತಿದಾಗ ನಗದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬರುವವರೂ ನಗುತ್ತಾರೆ; ಆದರೆ ಅಕ್ಕಪಕ್ಕದವರ ಮುಖ ನೋಡಿ, ಕೊಂಚ ತಡೆದು. ತಮ್ಮ ಮನೆಯಲ್ಲಿ ಮೊದಲು ಹೆಸರು ಬರೆಯಲು ಕಲಿತವರು ಅವರು. ರಂಗನ ಠೀವಿಯ ಬೆಲೆ ಅವರಿಗೆ ಗೊತ್ತು. ಕೈಲಾಸಂಗೂ ಗೊತ್ತಿತ್ತೆಂದೇ ನಾನು ನಂಬುತ್ತೇನೆ. ಇಲ್ಲವಾದರೆ ಆ ಹೆಸರಿನ ಒಂದೊಂದಕ್ಷರವನ್ನೂ ಅಷ್ಟು ಅಕ್ಕರೆಯಿಂದ ಹಾಡಿಸುತ್ತಿರಲಿಲ್ಲ.