ನಂದಿ ಮರ ಮತ್ತು ಹೆಸರಿಲ್ಲದ ಚಿತ್ರಕಾರ

ಸಂತೆಗುಳಿಯ ಸುತ್ತಲಿನವರಿಗೆ ನಂದಿ ಮರ ಪರಿಚಿತವೇ. ಅದರ ತೆಳುವಾದ ತೊಗಟೆ ಹಾಳೆಹಾಳೆಯಾಗಿ ಸುಲಿದಂತೆ ಕಾಂಡದ ಮೇಲೆ ಬೂದಿ, ಕೆನೆ, ತಿಳಿಗಂದು ಬಣ್ಣಗಳು ಮೂಡುತ್ತವೆ. ಒಣಗಿಸಿಟ್ಟ ಸಸ್ಯಮಾದರಿಯಲ್ಲಿ ಇಂತಹ ಜೀವಂತ ಬಣ್ಣ ಉಳಿಯದು. ಆದ್ದರಿಂದಲೇ ಹಿಂದಿನ ಸಸ್ಯಶಾಸ್ತ್ರಜ್ಞರಿಗೆ ಚಿತ್ರಕಾರರು ಬೇಕಾಗಿದ್ದರು.

1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ದಿನಕ್ಕೊಂದು ಗಿಡವನ್ನು ಅಭ್ಯಸಿಸುತ್ತ, ಮರಾಠಿ ಚಿತ್ರಕಾರರೊಬ್ಬರಿಂದ ಅವುಗಳ ಚಿತ್ರ ಬರೆಯಿಸಿದರು. 1856ರಲ್ಲಿ ಅವರು ಮದ್ರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು. 1862ರವರೆಗೆ ಆ ಪ್ರಾಂತಕ್ಕೇ ಸೇರಿದ್ದ ನಮ್ಮ ಕಾಡುಗಳೂ ಅವರ ಆಡಳಿತಕ್ಕೊಳಪಟ್ಟವು. ಚಿತ್ರಗಳು ಇಂದು ಎಡಿನ್‌ಬರೊದ ಸಸ್ಯೋದ್ಯಾನದಲ್ಲಿವೆ. ಬರೆಯಿಸಿದವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಬರೆದವರ ಹೆಸರು ಉಳಿಯಲಿಲ್ಲ.

ತರಗತಿಯಲ್ಲಿ ಮರದ ಚಿತ್ರ ಬರೆಯಿಸಿದಾಗಲೆಲ್ಲ ಮಕ್ಕಳಿಗೆ ನಾನು ಹೇಳುತ್ತಿದ್ದೆ: ಮರದ ಹೆಸರಿನ ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ.